ಆಷಾಢದಲ್ಲಿ ಹೋಗಿ ನೋಡಿ: ಅಪ್ಪ-ಅಮ್ಮನಿಗೆ ಹಿರಿಯರ ವಸತಿ ಹುಡುಕುವವರಿಗೆ

ಮಲೆನಾಡಿನಲ್ಲಿ ಹಿರಿಯರ ವಸತಿ ನೋಡಲು ಎಲ್ಲರೂ ಹೋಗುವುದು ಡಿಸೆಂಬರ್, ಜನವರಿಯಲ್ಲಿ. ಬೆಂಗಳೂರಿನಲ್ಲಿರುವ ಮಕ್ಕಳಿಗೆ ಆಗ ರಜೆ. ಇಲ್ಲಿ ಬೆಳಗಿನ ಇಬ್ಬನಿ, ಹದವಾದ ಬಿಸಿಲು, ಕಿಟಕಿಯಾಚೆ ಹಸಿರು ಗುಡ್ಡ. ನಾನೂ ತಮ್ಮನೂ ಹಾಗೇ ಹೋದೆವು, ಹಾಗೇ ಮರುಳಾದೆವು. ಮುಂದಿನ ಜುಲೈನಲ್ಲಿ ಪುನರ್ವಸು ಮಳೆ ಬಿಡದೆ ಹೊಯ್ಯುತ್ತಿದ್ದ ಒಂದು ರಾತ್ರಿ, ಎರಡು ಗಂಟೆ ಹೊತ್ತಿಗೆ, ಅಲ್ಲಿಗೆ ಸೇರಿಸಿದ್ದ ಅಪ್ಪಯ್ಯ ಬಚ್ಚಲಲ್ಲಿ ಜಾರಿ ಬಿದ್ದರು. ಮೂರು ದಿನದಿಂದ ಕರೆಂಟಿರಲಿಲ್ಲ. ಹಾಸಿಗೆ ಪಕ್ಕದ ಕರೆಗಂಟೆ ಕರೆಂಟಿನದ್ದು. ಇಡೀ ಕಟ್ಟಡದಲ್ಲಿ ಆ ಹೊತ್ತಿಗೆ ಇದ್ದವನು ಗೇಟಿನ ಹತ್ತಿರ ಮಲಗಿದ್ದ ವಾಚ್‌ಮನ್ ಒಬ್ಬನೇ. ಬೆಳಗ್ಗೆ ಐದೂವರೆಗೆ ಕಾಫಿ ತಂದ ಹುಡುಗಿ ನೋಡಿದ ಮೇಲೆಯೇ ಎತ್ತಿದ್ದು. ಮೂಳೆ ಮುರಿದಿರಲಿಲ್ಲ, ಪುಣ್ಯ. "24 ಗಂಟೆ ನರ್ಸ್ ಇರ್ತಾರೆ ಅಂದಿದ್ರಲ್ಲ?" ಎಂದು ಕೇಳಿದೆ. "ಫೋನ್ ಮಾಡಿದ್ರೆ ಬರ್ತಾರೆ ಮೇಡಂ" ಅಂದರು. ಫೋನಿಗೆ ನೆಟ್‌ವರ್ಕೂ ಇರಲಿಲ್ಲ.

ಆ ಜಾಗದ ಹೆಸರು ಬೇಡ. ಅರ್ಧ ತಪ್ಪು ನಮ್ಮದೇ. ಕಿಟಕಿ ನೋಡಿದೆವು, ಬಚ್ಚಲು ನೋಡಲಿಲ್ಲ; ಹಗಲು ನೋಡಿದೆವು, ರಾತ್ರಿ ನೋಡಲಿಲ್ಲ. ಎರಡನೇ ಸಲ ಅದೇ ಮಳೆಯಲ್ಲಿ ಹುಡುಕಲು ಶುರುಮಾಡಿ ನಾಲ್ಕು ತಿಂಗಳು ತೆಗೆದುಕೊಂಡೆವು.

ಮೊದಲು ಹದಿನೈದು ದಿನ ಜೊತೆಗಿರಿ

ಜಾಗ ಹುಡುಕುವುದು ಆಮೇಲೆ. ಯಾವ ಕೆಲಸಕ್ಕೆ ಎಷ್ಟು ಆಸರೆ ಬೇಕು ಎನ್ನುವುದು ಮೊದಲು ಗೊತ್ತಾಗಬೇಕು. ಫೋನಿನಲ್ಲಿ ಇದು ತಿಳಿಯುವ ವಿಷಯವಲ್ಲ. ನಮ್ಮ ಕಡೆಯ ಹಿರಿಯರು ಜ್ವರ ಬಂದು ಮಲಗಿದ್ದರೂ "ಅಡ್ಡಿಲ್ಲ, ಆರಾಮ" ಅನ್ನುವವರೇ.

ಬಿದ್ದ ಮೇಲೆ ಅಪ್ಪಯ್ಯ ಕೆಲವು ವಾರ ಶಿವಮೊಗ್ಗದಲ್ಲಿ ನನ್ನ ಮನೆಯಲ್ಲಿದ್ದರು. ಆಮೇಲೆ ಹಟ ಹಿಡಿದು ಹೊಸನಗರದ ಕಡೆಯ ನಮ್ಮ ಹಳೇ ಮನೆಗೇ ಹೋದರು. ದಸರಾ ರಜೆಯಲ್ಲಿ ನಾನೂ ಹೋಗಿ ಕೂತೆ, ಒಂದು ಇನ್ನೂರು ಪುಟದ ನೋಟ್‌ಬುಕ್ ಹಿಡಿದು. ವೃದ್ಧರ ಆರೈಕೆಯಲ್ಲಿ ವೈದ್ಯರು ಆರು ಕೆಲಸ ನೋಡುತ್ತಾರೆ: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಕಕ್ಕಸಿಗೆ ಹೋಗಿ ಬರುವುದು, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ. ಪ್ರತಿಯೊಂದರ ಎದುರು "ತಾವೇ", "ಕೈ ಕೊಡಬೇಕು", "ಪೂರ್ತಿ ಬೇರೆಯವರೇ" ಎಂದು ಮೂರರಲ್ಲಿ ಒಂದು ಬರೆಯಿರಿ. ಇದರ ಜೊತೆಗೆ ಮಾತ್ರೆ, ದುಡ್ಡಿನ ಲೆಕ್ಕ, ಫೋನ್, ಗ್ಯಾಸ್ ಆರಿಸುವುದು, ರಾತ್ರಿ ಎಷ್ಟು ಸಲ ಏಳುತ್ತಾರೆ ಎನ್ನುವುದು.

ನನಗೆ ಸಿಕ್ಕಿದ್ದು ಹೀಗಿತ್ತು. ಬಿಪಿ ಮಾತ್ರೆಯ ಪಟ್ಟಿ ಗೋಡೆಗೂಡಿನಲ್ಲಿ ಮೂರು ವಾರದಿಂದ ಒಡೆಯದೆ ಬಿದ್ದಿತ್ತು. ಹಂಡೆಗೆ ಬೆಂಕಿ ಹಾಕಲು ಬಗ್ಗುವುದಕ್ಕೆ ಆಗದೆ, ಸ್ನಾನ ಮಾಡಿದೆ ಅಂತ ಹೇಳಿ ಕೈಕಾಲು ತೊಳೆದು ಬರುತ್ತಿದ್ದರು. ರಾತ್ರಿ ನಾಲ್ಕು ಸಲ ಎದ್ದರು, ಒಂದೊಂದು ಸಲವೂ ಗೋಡೆ ಹಿಡಿದೇ. ಆದರೆ ಊಟ, ಬಟ್ಟೆ, ಲೆಕ್ಕಾಚಾರ ಎಲ್ಲ ಚೊಕ್ಕ. ಕಳೆದ ಮೂರು ವರ್ಷ ಅಡಿಕೆ ಬೆಳೆಗಾರರ ಮಾರಾಟ ಸಹಕಾರ ಸಂಘವಾದ ಮ್ಯಾಮ್ಕೋಸ್‌ನಲ್ಲಿ ಅಡಿಕೆ ಯಾವ ದರಕ್ಕೆ ಹೋಯಿತು ಎನ್ನುವುದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಹಾಗಾಗಿ ನಮಗೆ ಬೇಕಾದ್ದು ಸ್ವತಂತ್ರ ವಿಲ್ಲಾ ಅಲ್ಲ, ಹಾಸಿಗೆ ಹಿಡಿದವರ ನರ್ಸಿಂಗ್ ಹೋಮೂ ಅಲ್ಲ. ನಡುವಿನದ್ದು: ತನ್ನದೇ ಕೋಣೆ, ಆದರೆ ಸ್ನಾನಕ್ಕೆ, ಮಾತ್ರೆಗೆ, ರಾತ್ರಿಗೆ ಒಂದು ಕೈ. ಈ ಮೂರು ಬಗೆಯನ್ನೂ ಜಾಹೀರಾತಿನಲ್ಲಿ ಒಂದೇ ಹೆಸರಿನಲ್ಲಿ ಕರೆಯುತ್ತಾರೆ. ನಿಮ್ಮ ನೋಟ್‌ಬುಕ್ ಹೇಳಿದ್ದಕ್ಕಿಂತ ಹೆಚ್ಚೂ ಬೇಡ, ಕಡಿಮೆಯೂ ಬೇಡ.

ಇಲ್ಲೊಂದು ಮಾತು. ನೆಟ್ಟಗಿದ್ದವರು ಎರಡು-ಮೂರು ದಿನದಲ್ಲಿ ದಿಢೀರನೆ ಗಲಿಬಿಲಿಯಾಗಿ ಮಾತಾಡತೊಡಗಿದರೆ "ಅರಳುಮರಳು" ಎಂದು ತೀರ್ಮಾನಿಸಿ ಜಾಗ ಹುಡುಕಲು ಓಡಬೇಡಿ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಯುವುದು, ಹೊಸ ಮಾತ್ರೆಯ ಅಡ್ಡಪರಿಣಾಮ, ಇವೆಲ್ಲ ವಯಸ್ಸಾದವರಲ್ಲಿ ಹೀಗೇ ಕಾಣಿಸಿಕೊಳ್ಳುತ್ತವೆ, ಚಿಕಿತ್ಸೆಯಿಂದ ಸರಿಹೋಗುತ್ತವೆ. ಮೊದಲು ಡಾಕ್ಟರು.

"ಆಶ್ರಮಕ್ಕೆ ಹಾಕೋದು" ಎಂಬ ಮಾತು

ಊರಲ್ಲಿ ಯಾರೂ "ಹಿರಿಯರ ವಸತಿಗೆ ಹೋದರು" ಅನ್ನುವುದಿಲ್ಲ, "ಆಶ್ರಮಕ್ಕೆ ಹಾಕಿದ್ರಂತೆ" ಅನ್ನುತ್ತಾರೆ. ಆ "ಹಾಕಿದ್ರು" ಎನ್ನುವ ಕ್ರಿಯಾಪದಕ್ಕೆ ನೀವು ತಯಾರಿರಬೇಕು. ಅಪ್ಪಯ್ಯನೂ ತಯಾರಿರಬೇಕು. ಮೊದಲ ಸಲ ನಾನು, ತಮ್ಮ ಎಲ್ಲ ನಿರ್ಧರಿಸಿ, ಮುಂಗಡ ಕೊಟ್ಟ ಮೇಲೆ ಅವರಿಗೆ ಹೇಳಿದ್ದೆವು. ಎರಡನೇ ಸಲ ಜಗಲಿಯಲ್ಲಿ ಕೂತು ಮಾತಾಡಿದೆವು.

"ನನ್ನ ಮನೇಲೇ ಇರಿ ಅಪ್ಪಯ್ಯ" ಅಂದೆ.

"ಮಗಳ ಮನೇಲಿ ಎಷ್ಟು ದಿನ ಅಂತ ಕೂರದು? ನಿಮ್ಮನೆ ಮೂರನೇ ಮಾಳಿಗೆ. ಇಳಿಯಕೂ ಇಲ್ಲ, ಹತ್ತಕೂ ಇಲ್ಲ. ಬಾಲ್ಕನಿಯಲ್ಲಿ ಕೂತ್ಕಂಡು ಎಂತಾ ನೋಡದು, ಎದುರುಮನೆ ಒಣಗ್ಸಿದ ಬಟ್ಟೆಯಾ?"

ಬೆಂಗಳೂರೂ ಬೇಡ ಅಂದರು. ಹಾಗಾದರೆ ಎಂಥ ಜಾಗ ಬೇಕು ಎಂದು ಕೇಳಿದಾಗ ಮೂರು ವಿಷಯ ಹೇಳಿದರು: ನೆಲದ ಮೇಲಿನ ಕೋಣೆ, ಭಾನುವಾರ ಕೋಳಿ ಸಾರು, ಊಟ ಆದಮೇಲೆ ಕವಳ, ಅಂದರೆ ಎಲೆ-ಅಡಿಕೆ. ನಾವು ಮಾಡಿದ್ದ ಇಪ್ಪತ್ತು ಅಂಶಗಳ ಪಟ್ಟಿಯಲ್ಲಿ ಇದರಲ್ಲಿ ಒಂದೂ ಇರಲಿಲ್ಲ. ನಿಮ್ಮವರನ್ನೂ ಕೇಳಿ. ಅವರು ಹೇಳುವ ಮೂರು ವಿಷಯ ನಿಮ್ಮ ಪಟ್ಟಿಯ ತಲೆಯ ಮೇಲಿರಲಿ.

ಒಡಹುಟ್ಟಿದವರು ದುಡ್ಡು ಹೇಗೆ ಹಂಚಿಕೊಳ್ಳುತ್ತೀರಿ, ಆಸ್ಪತ್ರೆಗೆ ಸೇರಿಸಬೇಕಾದಾಗ ಯಾರ ಫೋನ್ ಮೊದಲು, ಇದನ್ನೂ ಈಗಲೇ ಒಂದು ಹಾಳೆಯಲ್ಲಿ ಬರೆದಿಡಿ. ಮುಜುಗರ ಅನಿಸುತ್ತದೆ. ಬರೆಯಿರಿ.

ಜಾಗ: ಗುಡ್ಡವೋ, ಪೇಟೆಯೋ

ನನ್ನ ಅಭಿಪ್ರಾಯ ನೇರ: ಎಪ್ಪತ್ತೈದು ದಾಟಿದವರಿಗೆ ಕಾಡಿನ ಮಧ್ಯೆಯ ಚಂದದ ಜಾಗಕ್ಕಿಂತ ಪೇಟೆಯಂಚಿನ ಸಾಧಾರಣ ಜಾಗವೇ ಲೇಸು. ಪಾರ್ಶ್ವವಾಯು ಬಡಿದಾಗ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಲು ಇರುವ ಅವಧಿ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ಅದರೊಳಗೆ ಆಸ್ಪತ್ರೆ ಮುಟ್ಟಬೇಕು, ಸಿಟಿ ಸ್ಕ್ಯಾನ್ ಆಗಬೇಕು, ಡಾಕ್ಟರು ನೋಡಬೇಕು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ, ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಬೀಳುವುದಿಲ್ಲ. ತೀರ್ಥಹಳ್ಳಿ ಕಡೆಯವರು ದೊಡ್ಡ ಕಾಯಿಲೆಗೆ ಮಣಿಪಾಲಕ್ಕೆ ಹೋಗುವುದು ರೂಢಿ. ಆದರೆ ಘಟ್ಟದಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿದ ದಿನ ಆ ರೂಢಿ ಉಪಯೋಗಕ್ಕೆ ಬರುವುದಿಲ್ಲ. ಶಿವಮೊಗ್ಗದಲ್ಲಿ ಮೆಗ್ಗಾನ್ ಇದೆ, ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಖಾಸಗಿ ಆಸ್ಪತ್ರೆಗಳೂ ಇವೆ.

ಗೂಗಲ್ ಮ್ಯಾಪ್ ತೋರಿಸುವ ನಿಮಿಷ ನಂಬಬೇಡಿ. ಮಳೆ ಬರುವ ಸಂಜೆ ನೀವೇ ಗಾಡಿ ಓಡಿಸಿಕೊಂಡು, ಆ ಗೇಟಿನಿಂದ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲಿನವರೆಗೆ ಎಷ್ಟು ಹೊತ್ತು ಹಿಡಿಯಿತು ನೋಡಿ. ಒಂದು ಜಾಗದಲ್ಲಿ ನಮಗೆ ಇಪ್ಪತ್ತು ನಿಮಿಷ ಎಂದಿದ್ದರು, ಮರ ಬಿದ್ದದ್ದರಿಂದ ಒಂದೂಮುಕ್ಕಾಲು ಗಂಟೆಯಾಯಿತು. ಆ್ಯಂಬುಲೆನ್ಸ್ ಅವರದ್ದೇ ಇದೆಯೋ, 108ಕ್ಕೆ ಫೋನ್ ಮಾಡಬೇಕೋ ಎಂಬುದನ್ನೂ ಕೇಳಿ.

ಕಾಡಂಚಿನ ಜಾಗವೇ ಬೇಕೆನ್ನುವವರಿಗೆ ಇನ್ನೊಂದು ವಿಷಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಇಂದಿಗೂ ಮಲೆನಾಡು ಬಿಟ್ಟುಹೋಗಿಲ್ಲ. ಹರಡುವುದು ಮೈಗೆ ಕಚ್ಚಿ ರಕ್ತ ಹೀರುವ ಉಣುಗಿನಿಂದ, ಚಳಿಗಾಲದಿಂದ ಬೇಸಿಗೆಯವರೆಗೆ ಹೆಚ್ಚು. ಬೆಳಗಿನ ವಾಕಿಂಗ್ ದಾರಿ ಒಣಎಲೆಯ ಕಾಡುದಾರಿಯೋ, ಗುಡಿಸಿದ ಅಂಗಳವೋ? ಉಣುಗು ಹತ್ತದಂತೆ ಡೆಪಾ ಎಣ್ಣೆ ಇಟ್ಟುಕೊಂಡಿದ್ದಾರಾ? ಕೇಳಿದರೆ ಅವರ ಮುಖದಲ್ಲೇ ಉತ್ತರ ಸಿಗುತ್ತದೆ.

ಭೇಟಿ: ಮೂರು ಸಲ, ಒಂದು ಸಲ ಹೇಳದೆ

ಮೊದಲ ಸಲ ಹೇಳಿಯೇ ಹೋಗಿ, ಅವರು ತೋರಿಸಿದ್ದನ್ನು ನೋಡಿ. ಎರಡನೇ ಸಲ ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಿ, ದುಡ್ಡು ಕೊಟ್ಟು ಅಲ್ಲೇ ಉಣ್ಣಿ. ಮೂರನೇ ಸಲ ಹೇಳದೆ, ಸಂಜೆ ಏಳೂವರೆ ಎಂಟಕ್ಕೆ. ಹಗಲಿನ ಸಿಬ್ಬಂದಿ ಹೋಗಿ ರಾತ್ರಿಯವರು ಬರುವ ಹೊತ್ತು ಅದು. ಮರೆವಿನ ಕಾಯಿಲೆ ಇರುವವರ ಗಾಬರಿ ಹೆಚ್ಚಾಗುವುದೂ ಮುಸ್ಸಂಜೆಯಲ್ಲೇ. ಆಗ ಕಾರಿಡಾರಿನಲ್ಲಿ ಯಾರು ಯಾರ ಜೊತೆ ಹೇಗೆ ಮಾತಾಡುತ್ತಿದ್ದಾರೆ ಎನ್ನುವುದನ್ನು ಹತ್ತು ನಿಮಿಷ ಸುಮ್ಮನೆ ಕೂತು ಕೇಳಿ. ಒಳಗೇ ಬಿಡದಿದ್ದರೆ? ಮಲಗುವ ಹೊತ್ತಾಯಿತು ಎಂದು ಸೌಜನ್ಯದಿಂದ ಹೇಳುವುದು ಬೇರೆ, ಗೇಟಿನಲ್ಲೇ ತಡವರಿಸುವುದು ಬೇರೆ. ವ್ಯತ್ಯಾಸ ಗೊತ್ತಾಗುತ್ತದೆ.

ಈ ಮೂರರಲ್ಲಿ ಒಂದಾದರೂ ಮಳೆಗಾಲದಲ್ಲಿರಲಿ. ಬೇರೆ ಊರಿನ ಮಾರ್ಗದರ್ಶಿಗಳಲ್ಲಿ ಇದನ್ನು ಬರೆದಿರುವುದಿಲ್ಲ.

ಮಳೆಯಲ್ಲಿ ನೋಡಬೇಕಾದದ್ದು ಒಂದು, ಬಿಸಿನೀರು. ಸೂರ್ಯನ ಮುಖ ಕಾಣದ ವಾರಗಳಲ್ಲಿ ಚಾವಣಿ ಮೇಲಿನ ಸೋಲಾರ್ ಅಲಂಕಾರಕ್ಕೆ ಸಮ. ಗೀಸರ್ ಇದ್ದರೆ ಕರೆಂಟು ಬೇಕು. ಕರೆಂಟೂ ಇಲ್ಲದಾಗ ಹಂಡೆಯೋ ಗ್ಯಾಸೋ ಏನಿದೆ? ನಾವು ಕೊನೆಗೆ ಆರಿಸಿದ ಜಾಗದಲ್ಲಿ ಹಿಂಭಾಗದಲ್ಲೊಂದು ಸೌದೆ ಬಾಯ್ಲರ್ ಇತ್ತು, ಪಕ್ಕದಲ್ಲಿ ಒಣ ಅಡಿಕೆ ಹಾಳೆ, ಸೋಗೆಯ ರಾಶಿ. ಬ್ರೋಷರಿನಲ್ಲಿ ಅದರ ಫೋಟೋ ಹಾಕಿರಲಿಲ್ಲ. ನನಗೆ ಅದನ್ನು ನೋಡಿಯೇ ಅರ್ಧ ಸಮಾಧಾನವಾಯಿತು.

ಇನ್ನೊಂದು, ಬಟ್ಟೆ ಎಲ್ಲಿ ಒಣಗಿಸುತ್ತಾರೆ. ನಮ್ಮ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟ ಇತ್ತು. ಮೂವತ್ತು ಮಂದಿಯ ಪಂಚೆ, ಸೀರೆ, ಹಾಸಿಗೆ ಬಟ್ಟೆ ಜುಲೈನಲ್ಲಿ ಎಲ್ಲಿ ಒಣಗುತ್ತದೆ? ಕೋಣೆಯೊಳಗೇ ಹಗ್ಗ ಕಟ್ಟಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಉಬ್ಬಸದವರಿಗೆ ಅದು ಆಗಿಬರುವುದಿಲ್ಲ. ದಿಂಬನ್ನು ಮೂಗಿಗೆ ಹಿಡಿಯಿರಿ. ಮುಗ್ಗಲು ವಾಸನೆ ಬಂದರೆ ಮುಂದಿನ ಪ್ರಶ್ನೆ ಬೇಕಿಲ್ಲ.

ಜನರೇಟರ್ ಇದೆ ಅಂದರೆ ಚಾಲೂ ಮಾಡಿ ತೋರಿಸಿ ಅನ್ನಿ. ಡೀಸೆಲ್ ಎಷ್ಟು ದಿನಕ್ಕೆ ಸಾಕು, ಕರೆಗಂಟೆಗೆ ಬೇರೆ ಬ್ಯಾಟರಿ ಇದೆಯಾ, ಆಮ್ಲಜನಕದ ಯಂತ್ರ ಹಾಕಿಕೊಂಡವರಿದ್ದರೆ ಅವರಿಗೆ ಏನು ವ್ಯವಸ್ಥೆ, ಕೇಳಿ.

ಬಚ್ಚಲಿನಲ್ಲಿ ಹತ್ತು ನಿಮಿಷ

ಬೇರೆಲ್ಲ ಮರೆತರೂ ಇದನ್ನು ಬಿಡಬೇಡಿ. ನಾನು ಎರಡನೇ ಸಲ ಹೋದಲ್ಲೆಲ್ಲ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಕಮೋಡಿನ ಮೇಲೆ ಕೂರುತ್ತಿದ್ದೆ. ಅಲ್ಲಿಂದ ಕೈಚಾಚಿದರೆ ಹಿಡಿಕೆ ಸಿಗುತ್ತದಾ? ಸಿಕ್ಕರೆ ಮೈಭಾರ ಪೂರ್ತಿ ಬಿಟ್ಟು ಜಗ್ಗಿ ನೋಡುತ್ತಿದ್ದೆ. ಒಂದು ಕಡೆ ಹಿಡಿಕೆ ಸ್ಕ್ರೂ ಸಮೇತ ಕೈಗೆ ಬಂತು. ಅದು ಟವೆಲ್ ಹಾಕುವ ಕೊಳವೆಯಂತೆ.

ನೆಲಕ್ಕೆ ಒಂದು ಚೊಂಬು ನೀರು ಹೊಯ್ದು ಬರಿಗಾಲಲ್ಲಿ ನಿಲ್ಲಿ. ಬಾಗಿಲು ಹೊರಕ್ಕೆ ತೆರೆಯಬೇಕು. ಒಳಕ್ಕೆ ತೆರೆಯುವಂತಿದ್ದರೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾಗುತ್ತದೆ. ಚಿಲಕ ಹೊರಗಿನಿಂದಲೂ ತೆಗೆಯುವಂತಿರಬೇಕು. ಗಾಲಿಕುರ್ಚಿಗೆ ಸುಮಾರು ಮೂರಡಿ ಅಗಲದ ಬಾಗಿಲು ಬೇಕು, ಹೊಸ್ತಿಲು ಇರಬಾರದು. ಕರೆಗಂಟೆಯ ಹಗ್ಗ ನೆಲದವರೆಗೆ ಇಳಿಬಿಟ್ಟಿರಬೇಕು, ಏಕೆಂದರೆ ಬಿದ್ದವರು ಇರುವುದು ನೆಲದ ಮೇಲೆ. ಅದನ್ನು ಎಳೆದು, ಕೈಗಡಿಯಾರ ನೋಡಿ, ಯಾರು ಎಷ್ಟು ನಿಮಿಷಕ್ಕೆ ಬಂದರು ಬರೆದುಕೊಳ್ಳಿ. ಇಳಿಜಾರು ದಾರಿಗೂ ಲೆಕ್ಕವಿದೆ: ಒಂದಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದ. ಇದಕ್ಕಿಂತ ಕಡಿದಾಗಿದ್ದರೆ, ಅದರಲ್ಲೂ ಪಾಚಿಗಟ್ಟಿದ್ದರೆ, ಅದು ಜಾರುಬಂಡಿ.

ಮಾಲೀಕರಿಗಿಂತ ಮೊದಲು ಆಯಾಗಳನ್ನು ಕೇಳಿ

"ರಾತ್ರಿ ಎಷ್ಟು ಜನ ಎಚ್ಚರವಾಗಿರ್ತೀರಿ? ಎಷ್ಟು ಮಂದಿ ಹಿರಿಯರಿಗೆ?" ಇದನ್ನು ಕಚೇರಿಯಲ್ಲಿ ಒಂದು ಸಲ, ಆಮೇಲೆ ಆಯಾ ಒಬ್ಬರ ಹತ್ತಿರ ಒಂದು ಸಲ ಕೇಳಿ. ಎರಡು ಉತ್ತರ ತಾಳೆಯಾಗಬೇಕು. ಎಷ್ಟು ವರ್ಷದಿಂದ ಇದ್ದೀರಿ ಎಂದೂ ಕೇಳಿ; ಎಲ್ಲರೂ ಮೂರು ತಿಂಗಳ ಹಿಂದೆ ಬಂದವರೇ ಆಗಿದ್ದರೆ ಸಂಬಳದಲ್ಲೋ ನಡವಳಿಕೆಯಲ್ಲೋ ಎಲ್ಲೋ ತೊಂದರೆಯಿದೆ. ನರ್ಸ್ ಎಂದರೆ ತರಬೇತಿಯಾದವರೋ, ಬಿಳಿ ಕೋಟು ಹಾಕಿದವರೋ? ಮಾತ್ರೆ ಕೊಟ್ಟದ್ದನ್ನು ಬರೆಯುವ ಚಾರ್ಟ್ ತೋರಿಸಿ ಅನ್ನಿ. ಇಡೀ ವಾರದ ಸಹಿ ಒಂದೇ ಪೆನ್ನಿನಲ್ಲಿ, ಒಂದೇ ಓಘದಲ್ಲಿ ಬಿದ್ದಿದ್ದರೆ ನಿಮಗೇ ಅರ್ಥವಾಗುತ್ತದೆ. ಹಾಸಿಗೆ ಹಿಡಿದವರಿದ್ದರೆ ಎಷ್ಟು ಹೊತ್ತಿಗೊಮ್ಮೆ ಮಗ್ಗುಲು ಬದಲಿಸುತ್ತೀರಿ ಎಂದು ಕೇಳಿ. "ಎರಡು ಗಂಟೆಗೊಮ್ಮೆ" ಎನ್ನುವ ಉತ್ತರ ಯೋಚಿಸದೆ ಬರಬೇಕು.

ಊಟದ ವಿಷಯ ಸಣ್ಣದೆಂದು ನಾನೂ ತಿಳಿದಿದ್ದೆ. ಇಲ್ಲಿಯ ಅನೇಕ ಆಶ್ರಮಗಳು ಶುದ್ಧ ಸಸ್ಯಾಹಾರಿ. ಅದರಲ್ಲಿ ತಪ್ಪೇನಿಲ್ಲ, ಆದರೆ ಎಂಬತ್ತು ವರ್ಷ ಮೀನು, ಏಡಿ, ಕೋಳಿ ಉಂಡ ಗೌಡರ ಮನೆಯವರಿಗೆ ಅದು ಪಥ್ಯ. ಹಾಗೇ ತಂಬುಳಿ, ಮಜ್ಜಿಗೆ ಹುಳಿಯಲ್ಲೇ ಬೆಳೆದವರಿಗೆ ಒಂದೇ ಅಡುಗೆಮನೆಯಲ್ಲಿ ಎರಡೂ ಬೇಯುವುದು ಸಂಕಟ. ಸಂಕೋಚ ಬಿಟ್ಟು ಕೇಳಿ. ಕುಚ್ಚಲಕ್ಕಿ ಗಂಜಿ ಸಿಗುತ್ತದಾ, ಹಲ್ಲಿಲ್ಲದವರಿಗೆ ಅಕ್ಕಿ ರೊಟ್ಟಿಯ ಬದಲು ಏನು, ಸಕ್ಕರೆ ಕಾಯಿಲೆಯವರಿಗೆ ರಾತ್ರಿ ಊಟ ತಡವಾದರೆ ಏನು ಮಾಡುತ್ತಾರೆ. ಮನೆಯಿಂದ ಅಪ್ಪೆಮಿಡಿ ಉಪ್ಪಿನಕಾಯಿ ಜಾಡಿ ತಂದಿಡಬಹುದಾ.

ದುಡ್ಡು

ಅಡಿಕೆ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ಇಲ್ಲಿಯ ಬಿಲ್ಲು ತಿಂಗಳು ತಿಂಗಳೂ ಬರುತ್ತದೆ. ಎಲೆಚುಕ್ಕಿ ರೋಗ ಬಂದ ವರ್ಷವೂ ಬರುತ್ತದೆ. ಆದ್ದರಿಂದ ಒಂದು ವರ್ಷದ ಖರ್ಚನ್ನು ಬ್ಯಾಂಕಿನಲ್ಲಿ ಬೇರೆಯೇ ಇಟ್ಟು ಶುರುಮಾಡಿ. ನಾವು ತೋಟದ ಫಸಲನ್ನು ಗುತ್ತಿಗೆಗೆ ಕೊಟ್ಟೆವು; ತೋಟ ಮಾರಲಿಲ್ಲ. ಮಾರಿದ ಮೇಲೆ ಜಾಗ ಸರಿಬರದಿದ್ದರೆ ಹಿಂದೆ ಹೋಗಲು ಏನೂ ಇರುವುದಿಲ್ಲ.

ಮಾಸಿಕ ದರವೊಂದನ್ನೇ ಹೋಲಿಸಬೇಡಿ. ಠೇವಣಿ ವಾಪಸ್ ಬರುತ್ತದಾ, ಎಷ್ಟು ಕಡಿತ, ಎಷ್ಟು ದಿನದಲ್ಲಿ. ಡೈಪರ್, ಫಿಸಿಯೋಥೆರಪಿ, ಪ್ರತ್ಯೇಕ ಆಯಾ ಬೇಕಾದರೆ ಎಷ್ಟು. ಆಸ್ಪತ್ರೆಯಲ್ಲಿರುವ ದಿನಗಳಿಗೂ ಪೂರ್ತಿ ದರವೇ? ವರ್ಷಕ್ಕೆ ಎಷ್ಟು ಏರಿಸುತ್ತೀರಿ ಎಂಬುದು ಲಿಖಿತದಲ್ಲಿರಲಿ. ಇಂದು 25,000 ಇರುವ ದರ ವರ್ಷಕ್ಕೆ ಶೇ. 8ರಂತೆ ಏರಿದರೆ ಒಂಬತ್ತು ವರ್ಷದಲ್ಲಿ ಹೆಚ್ಚುಕಡಿಮೆ 50,000 ಮುಟ್ಟುತ್ತದೆ. ಆದಾಯ ತೆರಿಗೆ ಕಾಯ್ದೆಯಡಿ ನೋಂದಾಯಿತ ಧರ್ಮದತ್ತಿ ಸಂಸ್ಥೆ ನಡೆಸುವ ವೃದ್ಧಾಶ್ರಮವಾದರೆ, 60 ದಾಟಿದವರಿಗೆ ಊಟ-ವಸತಿ ಎಲ್ಲ ಸೇರಿ ತಿಂಗಳಿಗೆ 25,000 ರೂಪಾಯಿವರೆಗಿನ ಶುಲ್ಕಕ್ಕೆ ಜಿಎಸ್‌ಟಿ ಇಲ್ಲ. ಬಿಲ್ಲಿನಲ್ಲಿ ಹಾಕಿದ್ದರೆ ಕೇಳಿ.

ಮನೆಯನ್ನೇ ಕೊಳ್ಳುವ ಬಗೆಯ ಯೋಜನೆಯಾದರೆ ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ನೋಡಿ. ಕೇಂದ್ರ ವಸತಿ ಸಚಿವಾಲಯ 2019ರಲ್ಲಿ ನಿವೃತ್ತರ ವಸತಿಗಳಿಗೆ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಅದನ್ನು ಓದಿ ಹೋದರೆ ಎದುರಿನವರು ನಿಮ್ಮ ಜೊತೆ ಮಾತಾಡುವ ಧಾಟಿಯೇ ಬದಲಾಗುತ್ತದೆ.

ಜೀವನಪೂರ್ತಿ ನೋಡಿಕೊಳ್ಳುತ್ತೇವೆ, ಜಮೀನು ಬರೆದುಕೊಡಿ ಎನ್ನುವವರು ಎದುರಾದರೆ ಚಪ್ಪಲಿ ಮೆಟ್ಟಿ ಹೊರಡಿ. ಮಕ್ಕಳಿಗೇ ದಾನಪತ್ರ ಮಾಡುವುದಾದರೂ, ನೋಡಿಕೊಳ್ಳಬೇಕೆಂಬ ಷರತ್ತು ಪತ್ರದಲ್ಲೇ ಇರಲಿ. ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ 2007ರ 23ನೇ ಸೆಕ್ಷನ್ ಪ್ರಕಾರ, ಷರತ್ತು ಮುರಿದರೆ ಆ ಪತ್ರವನ್ನು ರದ್ದು ಮಾಡಿಸಬಹುದು. ಅರ್ಜಿ ಹಾಕುವುದು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ: ತೀರ್ಥಹಳ್ಳಿ, ಭದ್ರಾವತಿಯವರಿಗೆ ಶಿವಮೊಗ್ಗ; ಹೊಸನಗರ, ಸೊರಬ, ಶಿಕಾರಿಪುರದವರಿಗೆ ಸಾಗರ. ಕಿರುಕುಳ, ನಿರ್ಲಕ್ಷ್ಯ ಏನಿದ್ದರೂ ಹಿರಿಯರ ಸಹಾಯವಾಣಿ 14567. ಈ ನಂಬರನ್ನು ಅಪ್ಪಯ್ಯನ ಫೋನಿನಲ್ಲಿ ಹಾಕಿಕೊಟ್ಟೆ. "ಯಾರ ಮೇಲೆ ದೂರು ಕೊಡದು, ನಿನ್ನ ಮೇಲಾ?" ಅಂದರು.

ಒಂದು ತಿಂಗಳು ಇದ್ದು ನೋಡಲಿ

ಠೇವಣಿ ಕಟ್ಟುವ ಮೊದಲು ಒಂದು ತಿಂಗಳ ಪ್ರಯೋಗಕ್ಕೆ ಒಪ್ಪುವ ಜಾಗವನ್ನೇ ಆರಿಸಿ. ಹೋಗುವಾಗ ಹೊಸ ಸೂಟ್‌ಕೇಸ್, ಹೊಸ ಬೆಡ್‌ಶೀಟ್ ಬೇಡ. ಅವರ ಹಳೇ ಕಂಬಳಿ, ಟಾರ್ಚು, ರೇಡಿಯೋ, ಗೋಡೆಯ ಫೋಟೋ ಹೋಗಲಿ. ಮಾತ್ರೆಗಳ ಪಟ್ಟಿ, ಹಳೆಯ ರಿಪೋರ್ಟು, ಅಲರ್ಜಿ ವಿವರ ಮೂರು ಪ್ರತಿ: ಒಂದು ಅಲ್ಲಿ, ಒಂದು ನಿಮ್ಮಲ್ಲಿ, ಒಂದು ಅವರ ದಿಂಬಿನ ಕೆಳಗೆ. ಸೇರಿದ ದಿನ ತೂಕ ಬರೆದುಕೊಳ್ಳಿ, ತಿಂಗಳಿಗೊಮ್ಮೆ ನೋಡಿ. ಯಾರೂ ಹೇಳದ ಸಂಗತಿಯನ್ನು ತೂಕ ಹೇಳಿಬಿಡುತ್ತದೆ. ಹಾಸಿಗೆ ಹುಣ್ಣಾಗಿದೆಯಾ ಎಂದು ಬೆನ್ನು, ಹಿಮ್ಮಡಿಯನ್ನೂ ಕಣ್ಣಾರೆ ನೋಡಿ.

ಮೊದಲ ಎರಡು ವಾರ "ಕರ್ಕೊಂಡು ಹೋಗು" ಎಂದೇ ಹೇಳುತ್ತಾರೆ. ಅದರಿಂದಲೇ ತೀರ್ಮಾನಕ್ಕೆ ಬರಬೇಡಿ, ಅದನ್ನು ತಳ್ಳಿಹಾಕಲೂ ಬೇಡಿ. ಏನು ಸರಿಯಿಲ್ಲ ಎಂದು ಬಿಡಿಸಿ ಕೇಳಿ. ಅಪ್ಪಯ್ಯನ ದೂರು ಅಡಕತ್ತರಿಯದ್ದು. ಹರಿತವಾದದ್ದು ಕೋಣೆಯಲ್ಲಿ ಇಡಬಾರದೆಂಬ ನಿಯಮವಂತೆ, ತೆಗೆದುಕೊಂಡುಬಿಟ್ಟಿದ್ದರು. ಹಿಂದಿನ ಜಾಗದಲ್ಲಿ ಕವಳಕ್ಕೇ ನಿಷೇಧವಿತ್ತು, ಇಲ್ಲಿ ಕವಳ ಸರಿ, ಕತ್ತರಿ ಇಲ್ಲ. ಮೇಲ್ವಿಚಾರಕಿಯ ಹತ್ತಿರ ಮಾತಾಡಿದೆ. ಕೊನೆಗೆ ಅಡಕತ್ತರಿ ನರ್ಸ್ ಮೇಜಿನ ಡ್ರಾಯರಿನಲ್ಲಿ ಇರಲಿ, ಊಟವಾದ ಮೇಲೆ ಅವರು ಅಲ್ಲಿಗೇ ಬಂದು ಕೂತು ಅಡಿಕೆ ಕತ್ತರಿಸಿಕೊಳ್ಳಲಿ ಎಂದಾಯಿತು.

ಮುಂದಿನ ಭಾನುವಾರ ಹೋದಾಗ ಆ ಮೇಜಿನ ಸುತ್ತ ಮೂರು ಕುರ್ಚಿ ಇದ್ದವು. ಅಪ್ಪಯ್ಯ ಸಾಗರದ ಕಡೆಯ ಒಬ್ಬರು ಭಟ್ಟರಿಗೆ ಹೋಳು ಮಾಡಿಕೊಡುತ್ತಾ, ಅವರ ಊರಿನ ಅಡಿಕೆ ಬಣ್ಣ ಸಾಲದು ಅನ್ನುತ್ತಿದ್ದರು. ನನ್ನನ್ನು ನೋಡಿ, "ಬಂದ್ಯಾ? ಮನೇಲಿ ಆ ಸಣ್ಣ ಸುಣ್ಣದ ಡಬ್ಬಿ ಇದ್ಯಲ್ಲ ಮಗಾ, ಬರೋವಾರ ಅದನ್ನ ತಗಂಬಾ" ಅಂದರು.

ಸೋಮವಾರ ಠೇವಣಿ ಕಟ್ಟಿದೆವು.